ಐದು ಅಡಿ ಪೈಪಿನ ಲೆಕ್ಕ

ನಂಜನಗೂಡಿನ ದೇವಸ್ಥಾನದ ಸುತ್ತಲ ಹಳೆಯ ಬೀದಿಗಳಲ್ಲಿ ಮನೆಗೆ ಮನೆ ಒರಗಿ ನಿಂತಿವೆ. ನಡುವೆ ಸಂದಿಯಿಲ್ಲ, ಜಗಲಿ ಇಳಿದರೆ ಬೀದಿ. ಊರಾಚೆಯ ಹೊಸ ಬಡಾವಣೆಗಳ ನೋಟವೇ ಬೇರೆ: ಟಾರು ರಸ್ತೆ, ದೀಪದ ಕಂಬ, ಗಡಿಕಲ್ಲು, ಅಲ್ಲೊಂದು ಇಲ್ಲೊಂದು ಮನೆ, ಉಳಿದಂತೆ ಪಾರ್ಥೇನಿಯಂ. ಮೈಸೂರು 23 ಕಿ.ಮೀ. ದೂರ. ಎರಡೂ ಊರಿಗೆ ಯೋಜನಾ ಪ್ರದೇಶ ಒಂದೇ. ಸೈಟು ಕೊಂಡಿಟ್ಟವರಿಗೆ ಮನೆ ಕಟ್ಟುವ ಆತುರವೇನಿಲ್ಲ.

ಹಳೆಯ ಬೀದಿ, ಹೊಸ ಬಡಾವಣೆ, ಇವೆರಡರಲ್ಲಿ ಊರಿಗೆ ದುಬಾರಿ ಯಾವುದು? 30×40 ಸೈಟಿನ ಮುಂಭಾಗ 30 ಅಡಿ. ರಸ್ತೆಯ ಎರಡೂ ಬದಿಗೆ ಒಂದೇ ನೀರಿನ ಪೈಪು ಎಂದಿಟ್ಟುಕೊಂಡರೆ ಮನೆಯೊಂದರ ಪಾಲು 15 ಅಡಿ. ಅರ್ಧ ಸೈಟುಗಳು ಖಾಲಿ ಬಿದ್ದರೆ 30 ಅಡಿ. ಪ್ರತಿ ಸೈಟಿನಲ್ಲೂ ಮೂರು ಅಂತಸ್ತು, ಅಂತಸ್ತಿಗೊಂದು ಸಂಸಾರವಿದ್ದರೆ ಬರೀ 5 ಅಡಿ. ಚರಂಡಿ, ಕರೆಂಟು ತಂತಿ, ಕಸದ ಗಾಡಿಯ ಓಡಾಟಕ್ಕೂ ಹೆಚ್ಚುಕಡಿಮೆ ಇದೇ ಲೆಕ್ಕ.

ಅಷ್ಟು ಜನಕ್ಕೆ ನೀರು ಸಾಲುತ್ತದೆಯೇ? ಪೈಪಿನ ವ್ಯಾಸ ಇಮ್ಮಡಿಯಾದರೆ ಅದೇ ಒತ್ತಡದಲ್ಲಿ ಹರಿಯುವ ನೀರು ಸುಮಾರು ಆರು ಪಟ್ಟಾಗುತ್ತದೆ. ಒಳಗಿನ ಜಾಗವೇ ನಾಲ್ಕು ಪಟ್ಟು ಹಿಗ್ಗುತ್ತದೆ; ಜೊತೆಗೆ ಗೋಡೆಗೆ ಉಜ್ಜಿ ವೇಗ ಕಳೆದುಕೊಳ್ಳುವ ನೀರಿನ ಪಾಲು ತಗ್ಗುತ್ತದೆ. ಆದರೆ ಮಹಡಿಗಳು ಏಳುತ್ತಿದ್ದರೂ ನೆಲದಡಿ ಹಳೇ ಪೈಪೇ ಇದ್ದರೆ ಬೀದಿಯ ಕೊನೆಮನೆಯ ನಲ್ಲಿಯಲ್ಲಿ ಬರುವುದು ಗಾಳಿ.

ಒತ್ತೊತ್ತಾದ ಮನೆಯೆಂದರೆ ರೋಗ ಎಂಬ ಭಯ ಹಳೆಯದು. ಪ್ಲೇಗಿನ ಹಾವಳಿಯ ಬೆನ್ನಿಗೇ, 1903ರಲ್ಲಿ, ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು; ಕಿಕ್ಕಿರಿದ ಕೇರಿಗಳಾಚೆ ಬಡಾವಣೆಗಳು ಎದ್ದವು. ಆದರೆ ಪ್ಲೇಗ್ ಹರಡಿದ್ದು ಇಲಿ ಮೈಯ ಚಿಗಟ. ಗಾಳಿ ಬೆಳಕು, ಚರಂಡಿ ಸರಿಯಿದ್ದರೆ ಒತ್ತಾದ ಬೀದಿಯಲ್ಲೂ ಆರೋಗ್ಯವಾಗಿ ಬಾಳಬಹುದು.

ನಂಜನಗೂಡಿನಲ್ಲಿ ನಿಜವಾದ ಅಂಕೆ ನದಿಯದು. ಊರ ಪಕ್ಕ ಹರಿಯುವ ಕಪಿಲೆ, ಅಂದರೆ ಕಬಿನಿ, ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಎರಡೂ ತುಂಬಿದಾಗ ನೀರು ಹಿಂದಕ್ಕೊತ್ತಿ ತಗ್ಗು ದಡ ಹುಡುಕುತ್ತದೆ. 2018 ಮತ್ತು 2019ರಲ್ಲಿ ಕಬಿನಿ ಅಣೆಕಟ್ಟೆಯಿಂದ ಭಾರಿ ನೀರು ಬಿಟ್ಟಾಗ ನಂಜನಗೂಡಿನ ಸ್ನಾನಘಟ್ಟ ಮುಳುಗಿತು, ಮಲ್ಲನಮೂಲೆ ಮಠದ ಬಳಿ ಮೈಸೂರು ಹೆದ್ದಾರಿಯೇ ನೀರಿನಡಿ ಹೋಯಿತು. ಹಳ್ಳದಕೇರಿಗೂ ನೀರು ನುಗ್ಗಿತು. ಹೆಸರಿಟ್ಟ ಹಿರಿಯರಿಗೆ ಗೊತ್ತಿತ್ತು!

ಹಾಗಾಗಿ ಮಹಡಿ ಏಳಬೇಕಾದದ್ದು ಊರೊಳಗಿನ ಎತ್ತರದ ನೆಲದಲ್ಲಿ. ಗದ್ದೆಯನ್ನೂ ಹೊಳೆದಂಡೆಯನ್ನೂ ಸೈಟು ಮಾಡುವುದು ತಪ್ಪು ಲೆಕ್ಕ. ನದಿಯತ್ತ ಸೈಟು ನೋಡಲು ಹೊರಟವರು ಬೇಸಿಗೆಯಲ್ಲಿ ಹೋಗಬೇಡಿ. ಕಬಿನಿಯ ಗೇಟು ತೆರೆದ ಸುದ್ದಿ ಬಂದ ಮರುದಿನ ಹೋಗಿ.