ಬೆರಳ ತುದಿಗೆ ಸಿಗಬೇಕಾದ ಪುಸ್ತಕ

ಬ್ರೈಲ್ ಲಿಪಿಯಲ್ಲಿ ‘ಬಣಕಲ್’ ಎಂಬ ಊರಿನ ಹೆಸರು ಬರೆಯಲು ಐದು ಕೋಶಗಳು ಬೇಕು. ಮೂರು ಮೂರರಂತೆ ಎರಡು ಕಂಬಸಾಲುಗಳಲ್ಲಿ ಆರು ಚುಕ್ಕಿಗಳಿಗೆ ಇರುವ ಜಾಗವೇ ಕೋಶ. ಅವುಗಳಲ್ಲಿ ಯಾವ ಚುಕ್ಕಿಗಳು ಕಾಗದದ ಮೇಲೆ ಉಬ್ಬಿವೆ ಎಂಬುದರಿಂದ ಬೆರಳಿಗೆ ಅಕ್ಷರ ತಿಳಿಯುತ್ತದೆ. ಬ, ಣ, ಕ ಅಕ್ಷರಗಳಿಗೆ ಒಂದೊಂದು ಕೋಶ ಸಾಕು. ಕೊನೆಯ ‘ಲ್’ಗೆ ಮಾತ್ರ ಎರಡು, ಮುಂದಿನ ಅಕ್ಷರಕ್ಕೆ ಸ್ವರವಿಲ್ಲವೆಂದು ಹೇಳುವ ಒಂಟಿ ಚುಕ್ಕಿ ಮೊದಲು, ‘ಲ’ ಆಮೇಲೆ. ಅಚ್ಚಿನಲ್ಲಿ ಕೆಳಗಿಳಿಯುವ ಒತ್ತಕ್ಷರ, ಮೇಲೇರುವ ಗುಡಿಸು, ಪಕ್ಕದ ಕೊಂಬು ಎಲ್ಲವೂ ಇಲ್ಲಿ ಒಂದೇ ಸಾಲಿನಲ್ಲಿ ಒಂದರ ಹಿಂದೊಂದು ಬರುತ್ತವೆ. ಭಾರತದ ಭಾಷೆಗಳಿಗೆಲ್ಲ ಹೊಂದುವಂತೆ 1951ರಲ್ಲಿ ಒಪ್ಪಿತವಾದ ಈ ಭಾರತೀ ಬ್ರೈಲ್ ಪದ್ಧತಿಯ ಸೊಗಸೇ ಅದು.

ಆದರೆ ದಪ್ಪ ಕಾಗದದಲ್ಲಿ ಉಬ್ಬಿಸಿದ ಒಂದು ಕಾದಂಬರಿ ಹಲವು ಸಂಪುಟಗಳಾಗಿ ಬೆಳೆಯುವುದರಿಂದಲೂ, ಮಲೆನಾಡಿನ ಮಳೆಗಾಲದ ತೇವಕ್ಕೆ ಕಾಗದ ಮೆತ್ತಗಾದರೆ ಚುಕ್ಕಿಗಳು ಕುಗ್ಗುವುದರಿಂದಲೂ, ಬೆಂಗಳೂರಿನ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿರುವಂಥ ಬ್ರೈಲ್ ವಿಭಾಗವನ್ನು ಪ್ರತಿ ಊರಿನಲ್ಲೂ ಕಟ್ಟುವುದು ಸುಲಭವಲ್ಲ. ಅಧ್ಯಾಯದಿಂದ ಅಧ್ಯಾಯಕ್ಕೆ, ಪುಟದಿಂದ ಪುಟಕ್ಕೆ ಜಿಗಿಯಲು ಬರುವ ‘ಡೈಸಿ’ ಮಾದರಿಯ ಧ್ವನಿಪುಸ್ತಕವೂ, ಪರದೆಯ ಬರಹವನ್ನು ಓದಿಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶವೂ ಹೆಚ್ಚು ಉಪಯುಕ್ತವಾಗುವುದು ಇಲ್ಲಿಯೇ. 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ವೆಂಬ ಆನ್‌ಲೈನ್ ಸಂಗ್ರಹ ಇಂಥ ಪುಸ್ತಕಗಳನ್ನೇ ಒದಗಿಸುತ್ತದೆ.

ಕಾನೂನಿನ ಅಡ್ಡಿಯೂ ಈಗಿಲ್ಲ. 2012ರ ತಿದ್ದುಪಡಿಯ ನಂತರ ಹಕ್ಕುಸ್ವಾಮ್ಯ ಕಾಯ್ದೆಯು ಅಂಧರಿಗಾಗಿ ಪುಸ್ತಕವನ್ನು ಲಾಭದ ಉದ್ದೇಶವಿಲ್ಲದೆ ರೂಪಾಂತರಿಸಲು ಅವಕಾಶ ಕೊಟ್ಟಿದೆ. ಇಂಥ ಪ್ರತಿಗಳು ದೇಶದಿಂದ ದೇಶಕ್ಕೆ ಹೋಗಲು ದಾರಿ ಮಾಡಿದ 2013ರ ಮರಕೇಶ್ ಒಪ್ಪಂದವನ್ನು ಎಲ್ಲರಿಗಿಂತ ಮೊದಲು, 2014ರಲ್ಲಿ, ಅನುಮೋದಿಸಿದ ದೇಶ ಭಾರತ. ತೊಡಕಿರುವುದು ಕನ್ನಡ ಕಡತಗಳಲ್ಲಿ. ಯೂನಿಕೋಡ್ ಸಂಕೇತದಲ್ಲಿಲ್ಲದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಪುಸ್ತಕವನ್ನು ಸ್ಕ್ರೀನ್ ರೀಡರ್ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ. ಪುಟಗಳ ಚಿತ್ರ ತೆಗೆದು ಮಾಡಿದ ಪಿಡಿಎಫ್‌ನಲ್ಲಿ ಅದಕ್ಕೆ ಓದಲು ಅಕ್ಷರವೇ ಸಿಗುವುದಿಲ್ಲ. ಪ್ರಕಾಶಕರು ಅಚ್ಚಿಗೆ ಕಳಿಸುವಾಗಲೇ ಯೂನಿಕೋಡ್ ಪ್ರತಿಯೊಂದನ್ನು ಗ್ರಂಥಾಲಯಕ್ಕೆ ಕೊಡುವುದು ಹೊರಲಾರದ ಹೊರೆಯೇನಲ್ಲ.

2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ‘ಅರಿವು ಕೇಂದ್ರ’ಗಳೆಂಬ ಹೊಸ ಹೆಸರು ಪಡೆದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇಂಥ ಪುಸ್ತಕಗಳನ್ನು ಓದುಗರಿಗೆ ಮುಟ್ಟಿಸುವ ಕೆಲಸಕ್ಕೆ ಸಹಜವಾದ ನೆಲೆ. ಚಾರ್ಮಾಡಿ ಘಾಟಿಗೆ ಹತ್ತಿರದ ಬಣಕಲ್ ಸೀಮೆಯಲ್ಲಿ ಮನೆಗಳು ಕಾಫಿ ತೋಟಗಳ ನಡುವೆ ಚದುರಿರುವುದರಿಂದ, ದೃಷ್ಟಿಯಿಲ್ಲದ ಓದುಗರು ಗ್ರಂಥಾಲಯಕ್ಕೆ ಬರಲೆಂದು ಕಾಯುವುದಕ್ಕಿಂತ ಪುಸ್ತಕವೇ ಎಸ್ಟೇಟಿನ ಲೈನುಮನೆಗೆ ಹೋಗುವುದು ನ್ಯಾಯ. ಅದಕ್ಕೆ ದಾರಿಯೂ ಇದೆ: ಏಳು ಕಿಲೋವರೆಗಿನ ಬ್ರೈಲ್ ಸಾಹಿತ್ಯದ ಕಟ್ಟನ್ನು ಭಾರತೀಯ ಅಂಚೆ ಭೂಮಾರ್ಗದಲ್ಲಿ ಉಚಿತವಾಗಿ ಸಾಗಿಸುತ್ತದೆ. ಹಾಗೆ ಬಂದ ಪುಸ್ತಕವನ್ನು, ಗಾಳಿಮಳೆಗೆ ಕರೆಂಟು ಹೋಗಿ ಫೋನಿನ ಚಾರ್ಜು ಮುಗಿದ ರಾತ್ರಿಯಲ್ಲೂ, ಕಂಬಳಿಯೊಳಗೆ ಇಟ್ಟುಕೊಂಡು ಬೆರಳಿನಿಂದ ಓದಬಹುದು.