ಬಜಪೆಯ ಗುಡ್ಡ: ರನ್‌ವೇ, ರಸ್ತೆ ಮತ್ತು ಹೆಸರು

ನಾಗರಪಂಚಮಿಗೋ ಅಷ್ಟಮಿಗೋ ಮುಂಬಯಿಯಿಂದ ಊರಿಗೆ ಹೊರಟ ಕರಾವಳಿಯ ಕುಟುಂಬಗಳಲ್ಲಿ ಒಂದು ದೂರು ಆಗಾಗ ಕೇಳಿಬರುತ್ತದೆ: "ವಿಮಾನ ಮಂಗಳೂರಿನ ಮೇಲೆಯೇ ಸುತ್ತಿತು, ಕೊನೆಗೆ ಇಳಿಯದೆ ಬೆಂಗಳೂರಿಗೆ ಹೋಯಿತು." ಈ ದೂರಿಗೆ ಉತ್ತರ ಬಜಪೆಯ ಗುಡ್ಡದಲ್ಲಿಯೇ ಇದೆ.

ಮಂಗಳೂರು ವಿಮಾನ ನಿಲ್ದಾಣವು 1951ರ ಡಿಸೆಂಬರ್ 25ರಂದು ಆರಂಭವಾಯಿತು. ಅಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಇಲ್ಲಿಗೆ ಬಂದಿಳಿದರು. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ನಿರ್ಮಿಸಿದ ಹಳೆಯ ರನ್‌ವೇಯ ಉದ್ದ 1,615 ಮೀಟರ್. 2006ರಲ್ಲಿ 2,450 ಮೀಟರ್ ಉದ್ದದ ಎರಡನೆಯ ರನ್‌ವೇ ಸಿದ್ಧವಾಯಿತು. ಅದೇ ವರ್ಷ ದುಬೈಗೆ ನೇರ ವಿಮಾನಯಾನವೂ ಪ್ರಾರಂಭಗೊಂಡಿತು. 2010ರ ಮೇ ತಿಂಗಳಲ್ಲಿ ಕೆಂಜಾರಿನ ಹೊಸ ಟರ್ಮಿನಲ್ ಉದ್ಘಾಟನೆಗೊಂಡಿತು. ಸೌಕರ್ಯಗಳು ಎಷ್ಟು ಹೆಚ್ಚಿದರೂ ಗುಡ್ಡ ಮಾತ್ರ ಬದಲಾಗಲಿಲ್ಲ. ರನ್‌ವೇಯ ಅಂಚು ದಾಟಿದರೆ ಕಣಿವೆ. ಇಂತಹುದನ್ನೇ ಟೇಬಲ್‌ಟಾಪ್ ರನ್‌ವೇ ಎನ್ನುವುದು.

ಅದೇ ಮೇ 22ರ ಮುಂಜಾನೆಯನ್ನು ಕರಾವಳಿ ಮರೆಯಲಾರದು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ರನ್‌ವೇ ದಾಟಿ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಮೃತರಾದರು. ಬದುಕುಳಿದವರು ಎಂಟೇ ಮಂದಿ. ವಿಮಾನವು ಸರಿಯಾದ ಎತ್ತರ ಮತ್ತು ವೇಗದಲ್ಲಿ ಇಳಿಯುತ್ತಿಲ್ಲವೆಂದು ತಿಳಿದ ಸಹಪೈಲಟ್ ಮತ್ತೆ ಮೇಲೇರುವಂತೆ ಎಚ್ಚರಿಸಿದ್ದರೂ ಮುಖ್ಯ ಪೈಲಟ್ ಇಳಿಯುವುದನ್ನು ಕೈಬಿಡಲಿಲ್ಲ ಎಂಬುದು ತನಿಖೆಯ ಪ್ರಮುಖ ನಿರ್ಣಯ. ಚಕ್ರಗಳು ನೆಲ ಮುಟ್ಟುವಷ್ಟರಲ್ಲಿ ರನ್‌ವೇಯ ಅರ್ಧಕ್ಕಿಂತ ಹೆಚ್ಚು ಭಾಗ ಕಳೆದುಹೋಗಿತ್ತು. ಮೃತರ ನೆನಪಿಗಾಗಿ ಕೂಳೂರು–ತಣ್ಣೀರುಬಾವಿ ಪ್ರದೇಶದಲ್ಲಿ ಫಲ್ಗುಣಿ ನದಿಯ ದಡದಲ್ಲಿ ಸ್ಮಾರಕವಿದೆ.

ಆದ್ದರಿಂದ ಮಳೆಮೋಡ ಗುಡ್ಡವನ್ನು ಮುಚ್ಚಿದಾಗ ಪೈಲಟ್ ಇಳಿಯದೆ ಮತ್ತೆ ಮೇಲೇರಿದರೆ ಅದು ಅವರ ಅಸಾಮರ್ಥ್ಯವಲ್ಲ. ಅದೇ ಸರಿಯಾದ ಕ್ರಮ. ಎರಡು ಗಂಟೆ ತಡವಾದುದಕ್ಕೆ ನಾವು ಗೊಣಗುವ ಮೊದಲು ಇದನ್ನು ನೆನೆಯಬೇಕು.

ಇಳಿದ ಮೇಲಿನ ದಾರಿಗೂ ಗುಡ್ಡ ಮತ್ತು ನದಿಯ ಕಟ್ಟಳೆಯಿದೆ. ನಗರದಿಂದ ಸುಮಾರು 13 ಕಿ.ಮೀ. ದೂರದ ನಿಲ್ದಾಣಕ್ಕೆ ಮುಖ್ಯ ಮಾರ್ಗವು ಕಾವೂರಿನಿಂದ ಮರವೂರು ಸೇತುವೆಯ ಮೂಲಕ ಸಾಗುತ್ತದೆ. 2021ರ ಜೂನ್‌ನಲ್ಲಿ ಈ ಸೇತುವೆ ಕುಸಿದಾಗ ಪ್ರಯಾಣಿಕರು ಗುರುಪುರ, ಕೈಕಂಬಗಳನ್ನು ಬಳಸಿ ಹೋಗಬೇಕಾಯಿತು. ಒಂದೇ ಸೇತುವೆಯನ್ನು ನೆಚ್ಚಿದ ನಿಲ್ದಾಣಕ್ಕೆ ಬದಲಿ ರಸ್ತೆಯೂ ರನ್‌ವೇಯಷ್ಟೇ ಅಗತ್ಯವೆಂಬುದು ಆಗ ಮನವರಿಕೆಯಾಯಿತು.

ಇನ್ನು ಹೆಸರು. ತುಳುನಾಡಿನ ಅವಳಿ ವೀರರಾದ ಕೋಟಿ–ಚೆನ್ನಯರ ಹೆಸರಿಡಬೇಕೆಂದು ಹಲವರು, ಉಳ್ಳಾಲದ ರಾಣಿ ಅಬ್ಬಕ್ಕಳ ಹೆಸರಿಡಬೇಕೆಂದು ಕೆಲವರು ಕೇಳುತ್ತ ಬಂದಿದ್ದಾರೆ. 2023ರ ಡಿಸೆಂಬರ್‌ನಲ್ಲಿ ರಾಜ್ಯ ವಿಧಾನಸಭೆಯು ಹುಬ್ಬಳ್ಳಿಗೆ ಸಂಗೊಳ್ಳಿ ರಾಯಣ್ಣ, ಬೆಳಗಾವಿಗೆ ಕಿತ್ತೂರು ರಾಣಿ ಚೆನ್ನಮ್ಮ, ಶಿವಮೊಗ್ಗಕ್ಕೆ ಕುವೆಂಪು, ವಿಜಯಪುರಕ್ಕೆ ಬಸವಣ್ಣನವರ ಹೆಸರನ್ನು ಶಿಫಾರಸು ಮಾಡಿತು. ಮಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ರಾಜ್ಯದ ನಿರ್ಣಯಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕ ಬಳಿಕವಷ್ಟೇ ಹೆಸರು ಅಧಿಕೃತವಾಗುತ್ತದೆ.

ಹೊರನಾಡಿನಲ್ಲಿ ನೆಲೆಸಿದ ನಮಗೆ ಹೆಸರಿನ ಅಭಿಮಾನ ಸಹಜ. ಯಾವ ಹೆಸರು ಬಂದರೂ ಹಿರಿಯರ ಬಾಯಲ್ಲಿ ಅದು 'ಬಜಪೆ'ಯಾಗಿಯೇ ಉಳಿದೀತು. ಆದರೆ ಸುರಕ್ಷತೆ ಮತ್ತು ರಸ್ತೆಯ ಕುರಿತೂ ನಾವು ಅಷ್ಟೇ ಗಟ್ಟಿಯಾಗಿ ದನಿಯೆತ್ತಬೇಕು. ಊರಿಗೆ ಬರುವವರು ಕ್ಷೇಮವಾಗಿ ಮನೆ ಸೇರಿದರೆ ಮಾತ್ರ ಆ ಹೆಸರಿಗೆ ಶೋಭೆ.