ಪೆಟ್ಟಿಗೆಯಲ್ಲಿ ಸಿಗದ ಬಸ್ಸು

ನನ್ನ ಬಳಿ 83 ವಾಹನಗಳಿವೆ. ಅದರಲ್ಲಿ ಮೂರು ಫೆರಾರಿ, ಒಂದು ಬುಗಾಟಿ, ಎರಡು ಡಬಲ್ ಡೆಕ್ಕರ್ ಬಸ್ಸು, ಒಂದು ಫೈರ್ ಇಂಜಿನ್. ಎಲ್ಲವೂ ಕುಲಶೇಖರದ ನಮ್ಮ ಮನೆಯ ಒಂದೇ ಗಾಜಿನ ಕಪಾಟಿನಲ್ಲಿ ನಿಂತಿವೆ. ಮನೆಯ ಹೊರಗೆ ನಿಂತಿರುವುದು ಮಾತ್ರ ಒಂದು ಹಳೇ ಸ್ಕೂಟರ್. ಅದೂ ಅಪ್ಪನ ಹೆಸರಿನಲ್ಲಿ.

ಮನೆಗೆ ಬಂದ ನೆಂಟರೆಲ್ಲ ಆ ಕಪಾಟಿನ ಮುಂದೆ ಒಂದು ನಿಮಿಷ ನಿಲ್ಲುತ್ತಾರೆ. ಆಮೇಲೆ ಕೇಳುವ ಪ್ರಶ್ನೆಗಳು ಮೂರೇ. ‘ಇದಕ್ಕೆಲ್ಲ ಎಷ್ಟಾಯ್ತು?’, ‘ಇದರಿಂದ ಎಂತ ಲಾಭ?’ ಮತ್ತು ‘ಮಗು ಅಳ್ತಾ ಉಂಟಲ್ಲ, ಒಂದು ಕೊಡು ಮಾರಾಯ’. ಮೊದಲನೆಯದಕ್ಕೆ ನಾನು ಅರ್ಧ ಬೆಲೆ ಹೇಳುತ್ತೇನೆ. ಎರಡನೆಯದಕ್ಕೆ ನಗುತ್ತೇನೆ. ಮೂರನೆಯದಕ್ಕೆ ಮಾತ್ರ ಉತ್ತರ ಸಿಕ್ಕಿಲ್ಲ. ಕಳೆದ ದೀಪಾವಳಿಗೆ ದೊಡ್ಡಮ್ಮನ ಮೊಮ್ಮಗ ಒಂದು ಕಾರಿನ ಎರಡೂ ಕನ್ನಡಿ ಮುರಿದು, ಅದನ್ನು ಸೋಫಾದ ಅಡಿಗೆ ಪಾರ್ಕ್ ಮಾಡಿ ಹೋದ. ‘ಆಟದ ಸಾಮಾನು ಅಲ್ವಾ, ಆಡ್ಲಿಕ್ಕೇ ಇರುವುದು’ ಎಂದರು ದೊಡ್ಡಮ್ಮ.

ಆಟದ ಸಾಮಾನು ಅಲ್ಲ ದೊಡ್ಡಮ್ಮ, ಸ್ಕೇಲ್ ಮಾಡೆಲ್! ಅದರ ಪೆಟ್ಟಿಗೆಯ ಮೇಲೇ ‘14 ವರ್ಷ ಮೇಲ್ಪಟ್ಟವರಿಗೆ’ ಎಂದು ಅಚ್ಚು ಹಾಕಿರುತ್ತಾರೆ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತಲ್ಲ, ಆ ಆದೇಶವೂ 14 ವರ್ಷದೊಳಗಿನ ಮಕ್ಕಳು ಆಡುವ ವಸ್ತುಗಳ ಬಗ್ಗೆಯೇ ಹೇಳುವುದು. ಆದರೆ ಸುಂಕದ ಪಟ್ಟಿಯಲ್ಲಿ ಮಾತ್ರ ಕಥೆ ಬೇರೆ. ಅಲ್ಲಿ ಗೊಂಬೆ, ಮೂರು ಚಕ್ರದ ಸೈಕಲ್, ಸ್ಕೇಲ್ ಮಾಡೆಲ್ ಎಲ್ಲವೂ 9503 ಎಂಬ ಒಂದೇ ಶೀರ್ಷಿಕೆಯಡಿ ಬರುತ್ತವೆ. 2020ರಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ 20ರಿಂದ 60ಕ್ಕೆ ಏರಿಸಿದರು, 2023ರಲ್ಲಿ 70ಕ್ಕೆ. ಅಂದರೆ ಈ ವಿಷಯದಲ್ಲಿ ಕಸ್ಟಮ್ಸ್ ಇಲಾಖೆಯವರದ್ದೂ ನಮ್ಮ ದೊಡ್ಡಮ್ಮನದ್ದೂ ಒಂದೇ ಅಭಿಪ್ರಾಯ. ಇಬ್ಬರ ಜೊತೆಗೂ ವಾದ ಮಾಡಿ ಗೆಲ್ಲಲು ಆಗುವುದಿಲ್ಲ.

ಈ ಹುಚ್ಚು ಹಿಡಿಸಿಕೊಂಡವರಿಗೆ ಇನ್ನೊಂದು ತಲೆನೋವು ಅಂಗಡಿಯದ್ದು. ಮಾಲ್‌ನಲ್ಲಿ ಹೊಸ ಸರಕು ಬಂದಿದೆ ಎಂದು ಗೊತ್ತಾಗಿ, ಆಫೀಸಿನಿಂದ ಅರ್ಧ ಗಂಟೆ ಮೊದಲೇ ಹೊರಟು, ಹಂಪನಕಟ್ಟೆಯ ಟ್ರಾಫಿಕ್ ದಾಟಿ ಹೋದರೆ ಒಳ್ಳೆಯದೆಲ್ಲ ಅಷ್ಟರಲ್ಲೇ ಖಾಲಿ. ಹಾಟ್ ವೀಲ್ಸ್‌ನವರು 1995ರಿಂದ ‘ಟ್ರೆಷರ್ ಹಂಟ್’ ಎಂದು ಕೆಲವು ಅಪರೂಪದ ಕಾರುಗಳನ್ನು ಮಾಮೂಲಿ ಕಾರುಗಳ ನಡುವೆ ಸೇರಿಸಿ ಕಳಿಸುತ್ತಾರೆ. ಮಕ್ಕಳಿಗೆ ಖುಷಿಯಾಗಲಿ ಎಂದು ಶುರುವಾದದ್ದಿರಬೇಕು. ಈಗ ಅದನ್ನು ಹುಡುಕಲು ಬರುವವರು ನನಗಿಂತ ದೊಡ್ಡವರು. ಇಡೀ ಪೆಟ್ಟಿಗೆ ಬಾಚಿಕೊಂಡು ಹೋಗಿ, ಸಂಜೆಗೆ ಮೂರು ಪಟ್ಟು ಬೆಲೆಗೆ ಮಾರುತ್ತಾರೆ. ಒಮ್ಮೆ ನಾನೂ ಹಾಗೆ ಎರಡು ತೆಗೆದುಕೊಂಡು ಒಂದನ್ನು ಮಾರಿದ್ದೇನೆ. ಆ ದುಡ್ಡಿನಲ್ಲಿ ಐಸ್‌ಕ್ರೀಮ್ ತಿಂದೆ. ಯಾಕೋ ಅಷ್ಟೊಂದು ರುಚಿಸಲಿಲ್ಲ.

ಇನ್ನು ಅಳತೆಯ ಜಗಳ. 1:64 ಎಂದರೆ ನಿಜವಾದ ಗಾಡಿಯ 64ನೇ ಒಂದು ಪಾಲು. ನಮ್ಮ ಮಾರುತಿ 800ರ ಉದ್ದ ಸುಮಾರು 3.33 ಮೀಟರ್. ಅದು 1:64ರಲ್ಲಿ 5.2 ಸೆಂ.ಮೀ. ಆಗಬೇಕು. ಆದರೆ ಅಗ್ಗದ ಚಿಕ್ಕ ಮಾಡೆಲ್‌ಗಳಲ್ಲಿ ಕಾರು, ಲಾರಿ, ಬಸ್ಸು ಎಲ್ಲವೂ ಹೆಚ್ಚುಕಡಿಮೆ ಮೂರು ಇಂಚು, ಯಾಕೆಂದರೆ ಪ್ಯಾಕೆಟ್ ಒಂದೇ ಅಳತೆಯದ್ದು. ಕಪಾಟಿನಲ್ಲಿ ಸಣ್ಣ ಕಾರೊಂದು ಬಸ್ಸಿನ ಹೆಗಲಿಗೆ ಹೆಗಲು ಕೊಟ್ಟು ನಿಂತದ್ದನ್ನು ಕಂಡಾಗ ನನಗೆ ಚಿತ್ರಾನ್ನದಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತದೆ. ಬೇರೆಯವರಿಗೆ ಗೊತ್ತೇ ಆಗುವುದಿಲ್ಲ. ನಿಮಗೂ ಗೊತ್ತಾಗದಿದ್ದರೆ ನೀವು ಆರೋಗ್ಯವಾಗಿದ್ದೀರಿ ಎಂದರ್ಥ.

ಎಲ್ಲಕ್ಕಿಂತ ದೊಡ್ಡ ಶತ್ರು ನಮ್ಮೂರಿನ ಹವೆ. ಮಂಗಳೂರಿನಲ್ಲಿ ಜೂನ್‌ನಿಂದ ಮಳೆ ಕೂತರೆ ಮಾಡೆಲ್ ಮಾಡುವವನ ಕೈ ಕಟ್ಟಿದ ಹಾಗೆ. ಗಾಳಿಯಲ್ಲಿ ತೇವ ಇರುವಾಗ ಸ್ಪ್ರೇ ಪೇಂಟ್ ಹೊಡೆದರೆ ಬಣ್ಣದ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಪೊರೆ ಕೂರುತ್ತದೆ. ರಟ್ಟಿನ ಪೆಟ್ಟಿಗೆಗೆ ಬೂಷ್ಟು ಹಿಡಿಯುತ್ತದೆ, ಸ್ಟಿಕ್ಕರ್ ಮೂಲೆ ಎತ್ತುತ್ತದೆ, ಚಕ್ರದ ಕಂಬಿಗೆ ತುಕ್ಕು ಬರುತ್ತದೆ. ಡೈಕಾಸ್ಟ್ ಕಾರುಗಳ ಮೈ ಸತುವಿನ ಮಿಶ್ರಲೋಹದ್ದು. ಎರಕ ಹೊಯ್ಯುವಾಗ ಅದರಲ್ಲಿ ಸೀಸ ಬೆರೆತಿದ್ದರೆ ವರ್ಷಗಳ ನಂತರ ಒಳಗಿನಿಂದಲೇ ಬಿರುಕು ಬಿಟ್ಟು ಪುಡಿಯಾಗುತ್ತದೆ. ಬಿಸಿ ಮತ್ತು ತೇವ ಎರಡೂ ಇರುವ ಊರಿನಲ್ಲಿ ಇದು ಇನ್ನೂ ಬೇಗ. ಹಾಗಾಗಿ ಹೊಸ ಶೂ ತಂದವರ ಮನೆಯಿಂದ ನಾನು ಸಿಲಿಕಾ ಜೆಲ್‌ನ ಪುಟ್ಟ ಪೊಟ್ಟಣಗಳನ್ನು ಕೇಳಿ ತರುತ್ತೇನೆ. ಇದಕ್ಕೂ ಒಂದು ಹೆಸರಿಟ್ಟಿದ್ದಾರೆ ನೆರೆಮನೆಯವರು. ಅದನ್ನು ಇಲ್ಲಿ ಬರೆಯುವುದು ಬೇಡ.

ಇಷ್ಟೆಲ್ಲ ಗೊಣಗಿದ ಮೇಲೆ ನಿಜವಾದ ಬೇಸರ ಹೇಳುತ್ತೇನೆ. ಈ 83 ವಾಹನಗಳಲ್ಲಿ ನಾನು ಕೂತದ್ದು ಒಂದರಲ್ಲೂ ಇಲ್ಲ. ಇಟಲಿಯ ಕಾರು ಸಿಗುತ್ತದೆ, ಲಂಡನ್ನಿನ ಕೆಂಪು ಬಸ್ಸು ಸಿಗುತ್ತದೆ. ಸ್ವದೇಶಿ ಪ್ಲಾಸ್ಟಿಕ್ ಮಾಡೆಲ್‌ಗಳಲ್ಲಿ ಅಂಬಾಸಡರ್ ಉಂಟು, ಆಟೊರಿಕ್ಷಾ ಉಂಟು. ಆದರೆ ಎರಡು ಬಾಗಿಲಿನ, ಹಿಂದಿನ ಗಾಜಿನ ತುಂಬ ಹೂಬಳ್ಳಿ ಬರೆಸಿದ, ‘ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್’ ಎಂದು ಕೂಗಿಸಿಕೊಳ್ಳುವ ನಮ್ಮ ಸಿಟಿ ಬಸ್ಸು ನಾನು ನೋಡಿದ ಯಾವ ಅಂಗಡಿಯ ಯಾವ ಪೆಟ್ಟಿಗೆಯಲ್ಲೂ ಇಲ್ಲ.

ಬಸ್ಸು ನಮ್ಮೂರಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. 1914ರಲ್ಲೇ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಶುರುವಾಗಿತ್ತು. ಹಿರಿಯರು ಈಗಲೂ ‘ಸಿಪಿಸಿ ಬಸ್ಸು’ ಎಂದು ನೆನೆಯುತ್ತಾರೆ. ನೂರು ವರ್ಷ ದಾಟಿದ ಈ ಸಂಸಾರದಲ್ಲಿ ಎಷ್ಟು ಬಸ್ಸುಗಳು ಬಂದು ಹೋದವೋ! ಹಳೆಯ ಕಾರುಗಳಿಗಾದರೆ ಧರ್ಮಸ್ಥಳದಲ್ಲಿ ಮ್ಯೂಸಿಯಂ ಉಂಟು. ಸಿಟಿ ಬಸ್ಸಿಗೆ ವಯಸ್ಸಾದರೆ ನೇರ ಗುಜರಿಗೆ.

ಅಪ್ಪ 22 ವರ್ಷ ಓಡಿಸಿದ ಬಸ್ಸೂ ಹಾಗೇ ಹೋಯಿತು. ಅಪ್ಪ ಸಿಟಿ ಬಸ್ ಡ್ರೈವರ್. ಬೆನ್ನು ನೋವು ಜೋರಾಗಿ ಕೆಲಸ ಬಿಟ್ಟ ಮರುವರ್ಷವೇ ಆ ಬಸ್ಸನ್ನೂ ಕಡಿದು ತೂಕಕ್ಕೆ ಹಾಕಿದರು ಎಂದು ಯಾರೋ ಹೇಳಿದರು. ಅಪ್ಪ ‘ಹೌದಾ’ ಎಂದು ಚಾ ಕುಡಿದು ಎದ್ದು ಹೋದರು. ಅವತ್ತು ರಾತ್ರಿ ನಾನು ಮನೆಯ ಆಲ್ಬಮ್‌ಗಳನ್ನೆಲ್ಲ ಹುಡುಕಿದೆ. ಮದುವೆ, ತೊಟ್ಟಿಲು, ಧರ್ಮಸ್ಥಳ, ಪಿಲಿಕುಳ ಎಲ್ಲ ಇದ್ದವು. ಬಸ್ಸಿನದ್ದು ಇದ್ದದ್ದು ಒಂದೇ ಫೋಟೊ. ಅದರಲ್ಲೂ ಆಯುಧಪೂಜೆಯ ಹಾರದ ಹಿಂದೆ ಅರ್ಧ ಬಸ್ಸು ಮುಚ್ಚಿಹೋಗಿತ್ತು, ಉಳಿದರ್ಧಕ್ಕೆ ಅಪ್ಪ ಅಡ್ಡ ನಿಂತಿದ್ದರು. ನನ್ನ ಶಾಲೆಯ ಫೀಸು ಕಟ್ಟಿದ್ದು ಆ ಬಸ್ಸು. ಅದರ ಮುಖ ಸರಿಯಾಗಿ ಕಾಣುವ ಒಂದು ಚಿತ್ರ ನಮ್ಮ ಮನೆಯಲ್ಲಿ ಇರಲಿಲ್ಲ.

ಮಾಡಿಯೇ ಬಿಡುವ ಎಂದು ಹೊರಟೆ. ಅದೇ ಕಾಲದ, ಅದೇ ತರದ ಬಾಡಿಯ ಇನ್ನೊಂದು ಬಸ್ಸು ಇನ್ನೂ ಓಡುತ್ತಿತ್ತು. ಒಂದು ಭಾನುವಾರ ಟೇಪ್ ಹಿಡಿದು ಸ್ಟೇಟ್‌ಬ್ಯಾಂಕ್‌ಗೆ ಹೋದೆ. ಟಯರಿನಿಂದ ಟಯರಿಗೆ ಅಳೆಯುತ್ತಿದ್ದಾಗ ಕಂಡಕ್ಟರ್ ಓಡಿ ಬಂದ. ‘ಎಂತ ಸರ್, ಆರ್‌ಟಿಒದವರಾ?’ ಅಲ್ಲ ಎಂದು ವಿಷಯ ಹೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಟೇಪ್‌ನ ಆ ತುದಿ ನಾನು ಹಿಡಿತೇನೆ, ಬೇಗ ಆಗ್ಲಿ, ಐದು ನಿಮಿಷದಲ್ಲಿ ಟೈಮಿಂಗ್ ಉಂಟು’ ಎಂದ. ಉದ್ದ 9 ಮೀಟರ್ 60 ಸೆಂ.ಮೀ., ಅಗಲ 2 ಮೀಟರ್ 40. 1:24ರಲ್ಲಿ ಮಾಡಿದರೆ 40 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ. ಲೆಕ್ಕ ಇಷ್ಟು ಸರಿಯಾಗಿ ಕೂತದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಮೈಗೆ ಫಾರೆಕ್ಸ್ ಶೀಟು, ಬೋರ್ಡು ಬರೆಯುವ ಅಂಗಡಿಯವರು ಬಿಸಾಡುವ ತುಂಡುಗಳು. ಕಿಟಕಿ ಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಮೇಲಿನ ಹಿಡಿಕೆ ಕಂಬಿಗೆ ತೆಳು ಸರಿಗೆ, ಸೈಲೆನ್ಸರ್‌ಗೆ ಬಾಲ್‌ಪೆನ್ನಿನ ರೀಫಿಲ್ಲು. ಚಕ್ರ ಮಾತ್ರ ಒಂದು ಆಟಿಕೆ ಲಾರಿಯದ್ದು, ಅದರ ಮಾಲಕ ದೊಡ್ಡಮ್ಮನ ಮೊಮ್ಮಗ. ನನ್ನ ಎರಡು ಕನ್ನಡಿಗೆ ಅವನ ಆರು ಚಕ್ರ, ಲೆಕ್ಕ ಚುಕ್ತಾ. ಬಸ್ಸಿನ ಹೆಸರಿನ ಅಕ್ಷರಗಳೇ ಸತಾಯಿಸಿದ್ದು. ಎರಡು ಮಿಲಿಮೀಟರಿನ ಅಕ್ಷರವನ್ನು ಸ್ಟಿಕ್ಕರ್ ಕಟ್ಟಿಂಗ್ ಮಿಷನ್ ಹರಿದು ಹಾಕುತ್ತದೆ. ಕೊನೆಗೆ ಶೂನ್ಯ ನಂಬರಿನ ಕುಂಚದಲ್ಲಿ ನಾನೇ ಬರೆದೆ. ಒತ್ತಕ್ಷರ ಬರೆಯುವಾಗ ಉಸಿರು ಬಿಗಿಹಿಡಿಯಬೇಕು.

ಏಳು ತಿಂಗಳು ಹಿಡಿಯಿತು, ಅದರಲ್ಲಿ ಮೂರು ತಿಂಗಳು ಮಳೆ ನಿಲ್ಲಲಿ ಎಂದು ಕಾದದ್ದು. ಅಷ್ಟೂ ದಿನ ಅಪ್ಪ ಒಂದು ಮಾತೂ ಆಡಲಿಲ್ಲ. ‘ಬ್ಯಾಂಕಿನ ಪರೀಕ್ಷೆಗೆ ಅರ್ಜಿ ಹಾಕಿದ್ದೀಯಾ?’ ಎಂದು ಮಾತ್ರ ಆಗಾಗ ಕೇಳುತ್ತಿದ್ದರು. ಮುಗಿದ ದಿನ ಬಸ್ಸನ್ನು ಊಟದ ಮೇಜಿನ ಮೇಲಿಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಬಂದರು. ಮುಂದಿನಿಂದ ನೋಡಿದರು, ಬಗ್ಗಿ ಒಳಗೆ ನೋಡಿದರು, ಹಿಂದಿನ ಬಾಗಿಲಿನ ಹತ್ತಿರ ಬಹಳ ಹೊತ್ತು ನಿಂತರು. ‘ಚೆಂದ ಉಂಟು’ ಎನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ.

‘ಎಡಗಡೆಯ ಕನ್ನಡಿ ತಪ್ಪು’ ಎಂದರು.

ನನಗೆ ಸಿಟ್ಟೇ ಬಂತು. ನಾನು ಅಳೆದದ್ದು, ಫೋಟೊ ತೆಗೆದದ್ದು ಎಲ್ಲ ತೋರಿಸಿದೆ. ‘ಅದು ಆ ಬಸ್ಸಿನದ್ದು. ನಮ್ಮದರಲ್ಲಿ ನಾಲ್ಕು ಬೆರಳು ಕೆಳಗೆ ಇತ್ತು’ ಎಂದು ಅಪ್ಪ ಕುರ್ಚಿ ಎಳೆದು ಕೂತರು. ಆಮೇಲೆ ಹೇಳಿದರು.

ನಾನು ಎರಡನೇ ಕ್ಲಾಸಿನಲ್ಲಿದ್ದಾಗಿನ ಮಾತಂತೆ. ಸಂಜೆಯ ಜಡಿಮಳೆ, ಬಸ್ಸು ರಶ್ಶು. ಹಿಂದಿನ ಬಾಗಿಲಿನಲ್ಲಿ ಶಾಲೆಯ ಹುಡುಗನೊಬ್ಬ ಒಂದು ಕಾಲು ಮೆಟ್ಟಿಲಿಗೆ ಇಟ್ಟದ್ದಷ್ಟೇ, ಕಂಡಕ್ಟರ್ ನೋಡದೆ ‘ರೈಟ್ ಪೋಯಿ’ ಎಂದುಬಿಟ್ಟ. ಕನ್ನಡಿಯಲ್ಲಿ ಅಪ್ಪನಿಗೆ ಕಂಡದ್ದು ಬಾಗಿಲಿನ ಮೇಲರ್ಧ ಮಾತ್ರ, ಮೆಟ್ಟಿಲು ಕಾಣುತ್ತಿರಲಿಲ್ಲ. ಬಸ್ಸು ಹೊರಟಿತು. ಜನ ಬೊಬ್ಬೆ ಹಾಕಿದ ಮೇಲೆ ನಿಂತಿತು. ಹುಡುಗನ ಮೊಣಕಾಲು ಸುಲಿದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ‘ನಿನ್ನದೇ ಪ್ರಾಯ. ನಿನ್ನದೇ ತರದ ಬ್ಯಾಗು’ ಎಂದರು ಅಪ್ಪ. ಅವತ್ತು ರಾತ್ರಿ ಟ್ರಿಪ್ ಮುಗಿಸಿ ಗ್ಯಾರೇಜಿಗೆ ಹೋಗಿ, ಸ್ವಂತ ದುಡ್ಡು ಕೊಟ್ಟು, ಕನ್ನಡಿಯ ಕಂಬಿ ಕತ್ತರಿಸಿ ಕೆಳಗೆ ವೆಲ್ಡಿಂಗ್ ಮಾಡಿಸಿದರಂತೆ. ಆಮೇಲೆ ಎಷ್ಟು ವರ್ಷ ಓಡಿಸಿದರೋ ಅಷ್ಟು ವರ್ಷವೂ ಮೆಟ್ಟಿಲಿನ ಮೇಲೆ ಕಾಲುಗಳನ್ನು ನೋಡದೆ ಕ್ಲಚ್ ಬಿಟ್ಟದ್ದಿಲ್ಲ. ಅಮ್ಮನಿಗೂ ಈ ವಿಷಯ ಗೊತ್ತಿರಲಿಲ್ಲ. ಅಡುಗೆ ಮನೆಯ ಬಾಗಿಲಿನಲ್ಲಿ ಸೌಟು ಹಿಡಿದು ನಿಂತೇ ಕೇಳಿದರು.

ನಾಲ್ಕು ಬೆರಳು ಎಂದರೆ ಸುಮಾರು 72 ಮಿ.ಮೀ. 24ರಿಂದ ಭಾಗಿಸಿದರೆ 3 ಮಿ.ಮೀ. ಮರುದಿನ ಆ ಕನ್ನಡಿಯನ್ನು ಕಿತ್ತು ಮೂರು ಮಿಲಿಮೀಟರ್ ಕೆಳಗೆ ಅಂಟಿಸಿದೆ. ಹಳೆಯ ತೂತನ್ನು ಪುಟ್ಟಿ ಹಾಕಿ ಮುಚ್ಚಲಿಲ್ಲ, ನಿಜವಾದ ಬಸ್ಸಿನಲ್ಲೂ ವೆಲ್ಡಿಂಗ್‌ನ ಗುರುತು ಇತ್ತಂತೆ. ಇಂಥ ಮೂರು ಮಿಲಿಮೀಟರ್ ಶೇ 70 ಸುಂಕ ಕಟ್ಟಿದರೂ ಎಲ್ಲಿಂದಲೂ ಬರುವುದಿಲ್ಲ. ‘ಇದರಿಂದ ಎಂತ ಲಾಭ?’ ಎಂದು ಕೇಳುವವರಿಗೆ ಈಗ ನಾನು ಆ ಕನ್ನಡಿ ತೋರಿಸುತ್ತೇನೆ. ಅರ್ಥವಾದವರು ತಮ್ಮ ಅಪ್ಪನ ರಿಕ್ಷಾ, ಅಜ್ಜನ ಜೀಪು, ಮಾವನ ಲಾರಿಯ ಕಥೆ ಶುರು ಮಾಡುತ್ತಾರೆ. ಆದರೆ ಫೋಟೊ ಉಂಟಾ ಎಂದು ಕೇಳಿದರೆ ಹೆಚ್ಚಿನವರದ್ದು ನಮ್ಮ ಆಲ್ಬಮಿನದ್ದೇ ಕಥೆ.

ಆದ್ದರಿಂದ ಒಂದು ಮಾತು. ನಾಳೆ ಕಾಲೇಜಿಗೋ ಕೆಲಸಕ್ಕೋ ಹೋಗುವಾಗ, ನೀವು ದಿನಾ ಹತ್ತುವ ಆ ಬಸ್ಸಿನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಸೆಲ್ಫಿ ಬೇಡ, ನೀವು ಅಡ್ಡ ನಿಂತರೆ ಅರ್ಧ ಬಸ್ಸು ಕಾಣುವುದಿಲ್ಲ. ಸ್ವಲ್ಪ ದೂರ ನಿಂತು ಇಡೀ ಬಸ್ಸು ಬರುವ ಹಾಗೆ ತೆಗೆಯಿರಿ. ಎಡಗಡೆಯ ಕನ್ನಡಿಯೂ ಬರಲಿ.